ಬ್ರಾಡ್‌ಬ್ಯಾಂಡ್ ಬದಲಾದ ಮೇಲೆ ಹಳೆಯ ಇ-ಮೇಲ್ ಕೈಕೊಟ್ಟಾಗ: ದೋಷ ನಿವಾರಣೆ ಕೈಪಿಡಿ

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ತಾಮ್ರದ ತಂತಿಯ ದೂರವಾಣಿಯನ್ನು ಬಿಟ್ಟು ಫೈಬರ್ ಸಂಪರ್ಕ ಪಡೆದ ಮನೆಗಳು, ಶಾಲೆಗಳು ಮತ್ತು ಸಹಕಾರಿ ಸಂಘಗಳಿಂದ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಹೊಸ ಸಂಪರ್ಕದಲ್ಲಿ ಎಲ್ಲ ಜಾಲತಾಣಗಳೂ ತೆರೆಯುತ್ತವೆ, ವೀಡಿಯೊಗಳೂ ತಡೆಯಿಲ್ಲದೆ ಓಡುತ್ತವೆ, ಹಳೆಯ ವಿಳಾಸಕ್ಕೆ ಬಂದ ಮೇಲ್‌ಗಳೂ ಕಂಪ್ಯೂಟರಿಗೆ ಇಳಿಯುತ್ತವೆ. ಆದರೆ ಅದೇ ವಿಳಾಸದಿಂದ ಬರೆದ ಉತ್ತರ ಮಾತ್ರ ಔಟ್‌ಬಾಕ್ಸ್‌ನಲ್ಲಿಯೇ ಉಳಿದುಬಿಡುತ್ತದೆ. ಇದಾದ ಕೂಡಲೇ ಹಲವರು ಪಾಸ್‌ವರ್ಡ್ ಬದಲಿಸುತ್ತಾರೆ, ಖಾತೆಯನ್ನು ಅಳಿಸಿ ಮತ್ತೆ ಸೇರಿಸುತ್ತಾರೆ, ಕೊನೆಗೆ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸುತ್ತಾರೆ. ಈ ಮೂರೂ ಕೆಲಸಗಳಿಂದ ದೋಷ ನಿವಾರಣೆಯಾಗುವುದಿಲ್ಲ. ಕೊನೆಯ ಎರಡರಿಂದ ವರ್ಷಗಟ್ಟಲೆ ಕೂಡಿಟ್ಟ ಪತ್ರಗಳು ಕಳೆದುಹೋಗುವ ಅಪಾಯವಿದೆ. ಆದ್ದರಿಂದ ದೋಷ ಎಲ್ಲಿದೆ ಎಂದು ಖಚಿತವಾಗುವವರೆಗೆ ಯಾವ ಖಾತೆಯನ್ನೂ ಅಳಿಸಬಾರದು ಎಂಬುದನ್ನು ಮೊದಲೇ ಒತ್ತಿ ಹೇಳುತ್ತೇನೆ.

ಇ-ಮೇಲ್ ವಿಳಾಸ ಬೇರೆ, ಅಂತರ್ಜಾಲ ಸಂಪರ್ಕ ಬೇರೆ. ಮೇಲ್ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಸಂಪರ್ಕ ಬದಲಾದಾಗ ಇವುಗಳಲ್ಲಿ ಯಾವುದು ಕಡಿದಿದೆ ಎಂದು ಬಿಡಿಬಿಡಿಯಾಗಿ ನೋಡುವುದೇ ಈ ಕೈಪಿಡಿಯ ಕ್ರಮ.

ವಿಳಾಸ ಯಾರ ಕೈಯಲ್ಲಿದೆ?

ವಿಳಾಸದಲ್ಲಿ ಆ್ಯಟ್ ಚಿಹ್ನೆಯ ಬಲಕ್ಕಿರುವ ಭಾಗವನ್ನು ನೋಡಿ. ಅದು ಅಂತರ್ಜಾಲ ಸಂಪರ್ಕ ಕೊಟ್ಟ ಕಂಪನಿಯ ಹೆಸರಾಗಿದ್ದರೆ ಆ ಮೇಲ್‌ಬಾಕ್ಸ್ ಸಂಪರ್ಕದ ಜೊತೆಗೇ ಸಿಕ್ಕಿದ್ದು ಎಂದರ್ಥ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಲ್ಲಿಂದ ಮುಂದೆ ದೂರವಾಣಿ ತಂತಿಯ ಮೇಲೆ ಹೆಚ್ಚೆಂದರೆ 56 ಕೆಬಿಪಿಎಸ್ ವೇಗದಲ್ಲಿ ನಡೆಯುತ್ತಿದ್ದ ಡಯಲ್-ಅಪ್ ಕಾಲದಲ್ಲಿ, ಸಂಪರ್ಕದ ಯೂಸರ್ ಹೆಸರೇ ಮೇಲ್ ವಿಳಾಸವೂ, ಸಂಪರ್ಕದ ಪಾಸ್‌ವರ್ಡೇ ಮೇಲ್‌ನ ಪಾಸ್‌ವರ್ಡೂ ಆಗಿರುವುದು ರೂಢಿಯಾಗಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆದ ಮೇಲೆ ಬಂದ ತಂತಿ ಸಂಪರ್ಕಗಳೂ ಇದೇ ಪದ್ಧತಿಯನ್ನು ಮುಂದುವರಿಸಿದವು. ನಮ್ಮಲ್ಲಿ ಎಷ್ಟೋ ಅನುದಾನಿತ ಶಾಲೆಗಳ ಲೆಟರ್‌ಹೆಡ್‌ನಲ್ಲಿ, ಯಕ್ಷಗಾನ ಸಂಘಗಳ ರಸೀದಿ ಪುಸ್ತಕಗಳಲ್ಲಿ, ಹಿರಿಯರ ಬ್ಯಾಂಕ್ ಹಾಗೂ ವಿಮಾ ಕಾಗದಪತ್ರಗಳಲ್ಲಿ ಇಂದಿಗೂ ಇರುವುದು ಆ ಕಾಲದ ವಿಳಾಸಗಳೇ. ಈ ಕೈಪಿಡಿ ಮುಖ್ಯವಾಗಿ ಅಂಥವರಿಗಾಗಿ.

ವಿಳಾಸ ಜಿಮೇಲ್, ಯಾಹೂ, ಔಟ್‌ಲುಕ್‌ನಂತಹ ಉಚಿತ ಸೇವೆಯದಾಗಿದ್ದರೆ ಮನೆಗೆ ಯಾರ ಫೈಬರ್ ಬಂದರೂ ಅದಕ್ಕೆ ಬಾಧಕವಿಲ್ಲ. ಆದರೂ ಸಂಪರ್ಕ ಬದಲಾದ ಹೊತ್ತಿನಲ್ಲೇ ಅದು ನಿಂತಂತೆ ಕಾಣುವುದುಂಟು. ಹೊಸ ರೂಟರ್ ಬಂದಾಗ ಹಳೆಯ ಮೇಲ್ ಪ್ರೋಗ್ರಾಮನ್ನು ಬಹಳ ದಿನಗಳ ಬಳಿಕ ತೆರೆದಿರುತ್ತೇವೆ, ಅಷ್ಟರಲ್ಲಿ ಸೇವೆಯ ನಿಯಮವೇ ಬದಲಾಗಿರುತ್ತದೆ. ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ ಬರಿಯ ಪಾಸ್‌ವರ್ಡ್‌ನಿಂದ ಹಳೆಯ ಪ್ರೋಗ್ರಾಮ್‌ಗಳು ಒಳಬರುವುದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಿಂದ ಹಾಗೆಯೇ ಮಾಡಿತು. ಇಲ್ಲಿ ದೂರಬೇಕಾದದ್ದು ಫೈಬರ್ ಕಂಪನಿಯನ್ನಲ್ಲ. ಹೊಸ ಬಗೆಯ ಲಾಗಿನ್ ತಿಳಿದಿರುವ ಪ್ರೋಗ್ರಾಮನ್ನು ಹಾಕಿಕೊಳ್ಳಬೇಕು. ಜಿಮೇಲ್‌ಗಾದರೆ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ ಆ್ಯಪ್ ಪಾಸ್‌ವರ್ಡ್ ಪಡೆಯುವ ದಾರಿಯೂ ಇದೆ.

ಸ್ವಂತ ಡೊಮೇನ್ (ಆ್ಯಟ್ ಚಿಹ್ನೆಯ ಬಲಕ್ಕೆ ಬರುವ ಹೆಸರು) ಇರುವ ಸಂಸ್ಥೆಗಳಿಗೆ ಮುಂದೆ ಬರುವ ಮೇಲ್ ಕಳುಹಿಸುವ ಭಾಗವಷ್ಟೇ ಅನ್ವಯಿಸುತ್ತದೆ.

ಹಳೆಯ ಸಂಪರ್ಕವನ್ನು ಒಪ್ಪಿಸುವ ಮುನ್ನ

ಹಳೆಯ ಕಂಪನಿಗೆ ಲಿಖಿತವಾಗಿ ಕೇಳಬೇಕಾದ ಪ್ರಶ್ನೆಗಳು ಮೂರು. ಸಂಪರ್ಕ ಮುಚ್ಚಿದ ಮೇಲೆ ಮೇಲ್‌ಬಾಕ್ಸ್ ಉಳಿಯುತ್ತದೆಯೇ? ಉಳಿಯುವುದಾದರೆ ಎಷ್ಟು ಕಾಲ, ಶುಲ್ಕವೆಷ್ಟು? ಬೇರೆ ಕಂಪನಿಯ ಜಾಲದಿಂದ ಮೇಲ್ ಕಳುಹಿಸಲು ಬಳಸಬೇಕಾದ ಸರ್ವರ್ (ಮೇಲ್ ಸಾಗಿಸುವ ಕಂಪನಿಯ ಕಂಪ್ಯೂಟರ್) ಹೆಸರು ಮತ್ತು ಪೋರ್ಟ್ (ಅದರ ಬಾಗಿಲಿನಂತಹ ಸಂಖ್ಯೆ) ಯಾವುವು? ಫೋನಿನಲ್ಲಿ ಸಿಕ್ಕ ಉತ್ತರವನ್ನು ನೆಚ್ಚಿಕೊಳ್ಳಬಾರದು. ಸಂಪರ್ಕ ನೋಡಿಕೊಳ್ಳುವ ವಿಭಾಗದವರಿಗೆ ಮೇಲ್ ಸರ್ವರ್‌ನ ವಿಷಯ ತಿಳಿಯದೇ ಇರುವುದು ಎಲ್ಲ ಕಂಪನಿಗಳಲ್ಲಿಯೂ ಸಾಮಾನ್ಯ. ಆ ಹಳೆಯ ವಿಳಾಸದಿಂದಲೇ ಪ್ರಶ್ನೆಗಳನ್ನು ಕಳುಹಿಸಿ, ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಸಾಧ್ಯವಿದ್ದರೆ ಹೊಸದು ಬಂದ ಮೇಲೂ ಒಂದು ಬಿಲ್ಲಿನ ಅವಧಿಯವರೆಗೆ ಹಳೆಯದನ್ನು ಇಟ್ಟುಕೊಳ್ಳಿ. ದೋಷ ಯಾವ ಕಡೆಯದು ಎಂದು ಒರೆಹಚ್ಚಿ ನೋಡಲು ಎರಡೂ ಸಂಪರ್ಕಗಳು ಜೊತೆಗಿರುವಷ್ಟು ಅನುಕೂಲ ಬೇರೊಂದಿಲ್ಲ.

ದೋಷದ ನೆಲೆಯನ್ನು ಹುಡುಕುವುದು

ಮೊದಲನೆಯದಾಗಿ ಬ್ರೌಸರ್ ತೆರೆದು ಹಳೆಯ ಕಂಪನಿಯ ವೆಬ್‌ಮೇಲ್ (ಬ್ರೌಸರಿನಲ್ಲಿಯೇ ಮೇಲ್ ಓದುವ) ಪುಟದಲ್ಲಿ ಲಾಗಿನ್ ಆಗಿ. ಒಳಹೋಗಲು ಸಾಧ್ಯವಾದರೆ ಮೇಲ್‌ಬಾಕ್ಸ್ ಜೀವಂತವಾಗಿದೆ, ಪಾಸ್‌ವರ್ಡೂ ಸರಿಯಾಗಿದೆ ಎಂಬ ಎರಡು ಸಂಗತಿಗಳು ಒಂದೇ ಸಲಕ್ಕೆ ಸಿದ್ಧವಾದವು. ಇನ್ನು ಪಾಸ್‌ವರ್ಡ್ ಬದಲಿಸುವ ಗೊಡವೆಗೆ ಹೋಗಬೇಕಾಗಿಲ್ಲ. ಒಳಹೋಗಲು ಆಗದಿದ್ದರೆ ಕಂಪ್ಯೂಟರಿನ ಸೆಟ್ಟಿಂಗ್ಸ್ ತಡಕಾಡುವುದು ವ್ಯರ್ಥ. ನೇರವಾಗಿ ಕಂಪನಿಯನ್ನೇ ವಿಚಾರಿಸಬೇಕು.

ಆ ಬಳಿಕ ವೆಬ್‌ಮೇಲ್‌ನಿಂದಲೇ ನಿಮ್ಮ ಬೇರೊಂದು ವಿಳಾಸಕ್ಕೆ ಒಂದು ಸಾಲಿನ ಪತ್ರ ಕಳುಹಿಸಿ, ಅಲ್ಲಿಂದ ಹಳೆಯ ವಿಳಾಸಕ್ಕೆ ಉತ್ತರ ಬರೆಯಿರಿ. ಎರಡೂ ತಲುಪಿದರೆ ದೋಷವಿರುವುದು ನಿಮ್ಮ ಕಂಪ್ಯೂಟರ್ ಮತ್ತು ಆ ಸರ್ವರ್‌ಗಳ ನಡುವೆ ಮಾತ್ರ.

ಮೂರನೆಯ ಪರೀಕ್ಷೆ ಅತ್ಯಂತ ಉಪಯುಕ್ತವಾದದ್ದು, ಜನ ಅದನ್ನು ಮಾಡುವುದೇ ಕಡಿಮೆ. ಮೊಬೈಲಿನ ಹಾಟ್‌ಸ್ಪಾಟ್ ತೆರೆದು ಅದೇ ಕಂಪ್ಯೂಟರನ್ನು ಅದಕ್ಕೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಏನನ್ನೂ ಬದಲಿಸದೆ ಮೇಲ್ ಕಳುಹಿಸಿ ನೋಡಿ. ಫೈಬರಿನಲ್ಲಿ ಹೋಗದ ಮೇಲ್ ಮೊಬೈಲಿನಲ್ಲಿ ಹೋದರೆ ತಡೆಯಿರುವುದು ಫೈಬರ್ ಕಂಪನಿಯ ಜಾಲದಲ್ಲಿ ಅಥವಾ ಮನೆಯ ರೂಟರಿನಲ್ಲಿ. ಎರಡರಲ್ಲಿಯೂ ಹೋಗದಿದ್ದರೆ ಮೇಲ್ ಪ್ರೋಗ್ರಾಮಿನ ಸೆಟ್ಟಿಂಗ್ಸ್ ಅಥವಾ ಹಳೆಯ ಕಂಪನಿಯ ಸರ್ವರ್ ಕಾರಣ. ತಲಪಾಡಿಯ ಆಸುಪಾಸಿನಲ್ಲಿ ಫೋನು ಒಮ್ಮೆ ಕೇರಳದ, ಒಮ್ಮೆ ಕರ್ನಾಟಕದ ಟವರನ್ನು ಹಿಡಿಯುವುದುಂಟು. ಈ ಪರೀಕ್ಷೆಗೆ ಯಾವುದಾದರೂ ಆದೀತು.

ಪ್ರತಿ ಸಲವೂ ಪರದೆಯ ಮೇಲೆ ಬರುವ ದೋಷ ಸಂದೇಶದಲ್ಲಿನ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಮೂರಂಕಿಯ ಒಂದು ಸಂಖ್ಯೆ, ಅದರ ಪಕ್ಕದಲ್ಲಿ ಚುಕ್ಕಿಗಳಿಂದ ಬೇರ್ಪಟ್ಟ ಮೂರು ಅಂಕಿಗಳು ಇರುತ್ತವೆ. ಕಾಸರಗೋಡಿನಿಂದ ಸಹಾಯವಾಣಿಗೆ ಕರೆ ಮಾಡಿದರೆ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಉತ್ತರ ಬರುವುದೇ ಹೆಚ್ಚು. ಆ ಭಾಷೆಯಲ್ಲಿ ದೋಷವನ್ನು ವಿವರಿಸಲು ಹಿರಿಯರು ತಡವರಿಸುವುದನ್ನು ನೋಡಿದರೆ ನೋವಾಗುತ್ತದೆ. ಆದರೆ 550 ಎಂದರೆ ಯಾವ ಭಾಷೆಯಲ್ಲಿಯೂ 550ರೇ. ಸಂಖ್ಯೆಯನ್ನು ಹೇಳಿಬಿಟ್ಟರೆ ಅರ್ಧ ಮಾತು ಉಳಿಯುತ್ತದೆ.

ಮೇಲ್ ಬರುತ್ತಿಲ್ಲ ಎಂದಾದರೆ

ಮೇಲ್ ತರಿಸಿಕೊಳ್ಳಲು ಪಾಪ್ ಮತ್ತು ಐಮ್ಯಾಪ್ ಎಂಬ ಎರಡು ವಿಧಾನಗಳಿವೆ. ಪಾಪ್‌ನ ಹಳೆಯ ಪೋರ್ಟ್ 110, ಭದ್ರ ಪೋರ್ಟ್ 995. ಐಮ್ಯಾಪ್‌ಗೆ ಕ್ರಮವಾಗಿ 143 ಮತ್ತು 993. ಹಳೆಯ ಖಾತೆಗಳು ಬಹುಪಾಲು ಪಾಪ್‌ನಲ್ಲಿ, 110ರಲ್ಲಿ ಇರುತ್ತವೆ. ಬಹಳಷ್ಟು ಸರ್ವರ್‌ಗಳು ಈಗ 110ನ್ನು ಮುಚ್ಚಿರುವುದರಿಂದ 995ಕ್ಕೆ ಬದಲಿಸಿ ಎಸ್‌ಎಸ್‌ಎಲ್ ಎಂಬ ಗೂಢಲಿಪಿಯ ಆಯ್ಕೆಯನ್ನು ಆರಿಸಿ ನೋಡುವುದು ಮೊದಲ ಹೆಜ್ಜೆ.

ಸರ್ವರ್ ಹೆಸರಿನ ಜಾಗದಲ್ಲಿ ಬರೇ ‘ಮೇಲ್’ ಎಂಬ ಒಂದೇ ಪದವಿದ್ದರೆ ಕಾರಣ ಅದೇ ಇರಬಹುದು. ಕೆಲವು ಕಂಪನಿಗಳು ತಮ್ಮ ಜಾಲದೊಳಗಿನವರಿಗೆ ಇಂಥ ಮೊಟಕು ಹೆಸರನ್ನು ಕೊಟ್ಟಿದ್ದವು. ಕಂಪನಿಯ ಡೊಮೇನ್ ಹೆಸರು ಅದಕ್ಕೆ ತಾನಾಗಿ ಸೇರಿಕೊಳ್ಳುತ್ತಿತ್ತು. ಬೇರೆ ಜಾಲದಿಂದ ನೋಡುವಾಗ ಆ ಹೆಸರಿನ ಸರ್ವರೇ ಇರುವುದಿಲ್ಲ. ಪೂರ್ಣ ಹೆಸರನ್ನು ಬರೆದರೆ ಸರಿಯಾಗುತ್ತದೆ. ಹಾಗೆಯೇ ಹಳೆಯ ಸಂಪರ್ಕ ಹಾಕಿಸಿದ ದಿನ ಯಾರೋ ಕಂಪ್ಯೂಟರಿನಲ್ಲಿ ಡಿಎನ್‌ಎಸ್ (ಹೆಸರಿನಿಂದ ಸರ್ವರ್ ಇರುವ ನೆಲೆಯನ್ನು ಹುಡುಕಿಕೊಡುವ ಏರ್ಪಾಡು) ಸಂಖ್ಯೆಗಳನ್ನು ಕೈಯಾರೆ ತುಂಬಿಸಿದ್ದರೆ, ಹೊಸ ಸಂಪರ್ಕದಲ್ಲಿ ಹೆಸರುಗಳು ಸಿಗದಿರಬಹುದು ಅಥವಾ ಬಹಳ ನಿಧಾನವಾಗಿ ಸಿಗಬಹುದು, ಏಕೆಂದರೆ ಆ ಸರ್ವರ್‌ಗಳು ಸಾಮಾನ್ಯವಾಗಿ ತಮ್ಮ ಗ್ರಾಹಕರಿಗೆ ಮಾತ್ರ ಉತ್ತರಿಸುತ್ತವೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ತಾನಾಗಿ ಪಡೆಯುವಂತೆ ಮಾಡಬೇಕು. ಡಯಲ್-ಅಪ್ ಕಾಲದ ಪ್ರೋಗ್ರಾಮಿನಲ್ಲಿ ‘ಈ ಖಾತೆಗೆ ದೂರವಾಣಿ ಸಂಪರ್ಕವನ್ನೇ ಬಳಸು’ ಎಂಬ ಆಯ್ಕೆ ಉಳಿದಿದ್ದರೆ ಅದನ್ನೂ ತೆಗೆಯಬೇಕು. ಇಲ್ಲದಿದ್ದರೆ ಇಲ್ಲದ ಮೋಡೆಮ್‌ಗೆ ಡಯಲ್ ಮಾಡಲು ಅದು ಹೊರಡುತ್ತದೆ.

ಮೇಲ್‌ಬಾಕ್ಸ್ ಬೇರೆಡೆ ಬಳಕೆಯಲ್ಲಿದೆ ಅಥವಾ ಲಾಕ್ ಆಗಿದೆ ಎಂಬ ಸಂದೇಶ ಮಳೆಗಾಲದಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಮೇಲ್ ಇಳಿಯುತ್ತಿರುವಾಗಲೇ ಕರೆಂಟು ಹೋಗಿ ಸಂಪರ್ಕ ಕಡಿದರೆ ಸರ್ವರ್‌ಗೆ ಅದು ಕೂಡಲೇ ತಿಳಿಯುವುದಿಲ್ಲ. ಗಡುವು ಮೀರುವವರೆಗೆ ಬಾಕ್ಸನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಪಾಪ್ ನಿಯಮದಂತೆ ಆ ಗಡುವು ಕನಿಷ್ಠ 10 ನಿಮಿಷ. ಕಾದು ಮತ್ತೆ ಪ್ರಯತ್ನಿಸಿದರೆ ಸಾಕು. ಅದೇ ಪತ್ರಗಳು ಎರಡೆರಡು ಸಲ ಇಳಿದರೂ ಗಾಬರಿಯಾಗಬೇಕಿಲ್ಲ: ಪಾಪ್‌ನಲ್ಲಿ ಕ್ರಮವಾಗಿ ವಿದಾಯ ಹೇಳಿದ ಮೇಲಷ್ಟೇ ಸರ್ವರ್ ಪತ್ರಗಳನ್ನು ಅಳಿಸುತ್ತದೆ, ನಡುವೆ ಕಡಿದರೆ ಎಲ್ಲವನ್ನೂ ಉಳಿಸಿಕೊಳ್ಳುತ್ತದೆ. ಪ್ರಮಾಣಪತ್ರ ಸರಿಯಿಲ್ಲ ಎಂಬ ಎಚ್ಚರಿಕೆ ಬಂದರೆ ಮೊದಲು ಕಂಪ್ಯೂಟರಿನ ದಿನಾಂಕವನ್ನು ನೋಡಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದ್ದರೆ ಕರೆಂಟು ಹೋದಾಗಲೆಲ್ಲ ದಿನಾಂಕ ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಇಂದಿನ ಪ್ರಮಾಣಪತ್ರ ಆ ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಮೇಲ್ ಹೋಗುತ್ತಿಲ್ಲ ಎಂದಾದರೆ

ಹೆಚ್ಚಿನ ದೂರುಗಳ ಮೂಲ ಇಲ್ಲಿಯೇ ಇದೆ, ಆದ್ದರಿಂದ ಕಾರಣವನ್ನು ತುಸು ವಿವರವಾಗಿಯೇ ಹೇಳಬೇಕು. ಮೇಲ್ ತೆಗೆದುಕೊಳ್ಳುವಾಗ ಸರ್ವರ್ ಯಾವಾಗಲೂ ಪಾಸ್‌ವರ್ಡ್ ಕೇಳುತ್ತದೆ. ಕಳುಹಿಸುವಾಗ ಬಳಕೆಯಾಗುವ ಎಸ್‌ಎಂಟಿಪಿ ಎಂಬ ಕ್ರಮ ಹುಟ್ಟಿದಾಗ ಪಾಸ್‌ವರ್ಡ್ ಕೇಳುವ ಏರ್ಪಾಡೇ ಇರಲಿಲ್ಲ. ಕಂಪನಿಗಳು ತಮ್ಮ ತಂತಿಯ ಮೇಲಿರುವ ಗ್ರಾಹಕರನ್ನು ಅವರ ಐಪಿ ಸಂಖ್ಯೆಯಿಂದಲೇ (ಜಾಲದಲ್ಲಿ ಅವರ ಸಂಪರ್ಕದ ವಿಳಾಸ) ಗುರುತಿಸಿ, ಅವರಿಂದ ಬಂದ ಮೇಲ್‌ಗಳನ್ನು ಪ್ರಶ್ನಿಸದೆ ಮುಂದಕ್ಕೆ ಸಾಗಿಸುತ್ತಿದ್ದವು. ಹೊರಗಿನವರಿಂದ ಬಂದದ್ದನ್ನು ನಿರಾಕರಿಸುತ್ತಿದ್ದವು. ಆದುದರಿಂದ ಹಳೆಯ ಸಂಪರ್ಕದಲ್ಲಿ ಇಷ್ಟು ವರ್ಷ ಪಾಸ್‌ವರ್ಡ್ ಇಲ್ಲದೆಯೇ ಹೋಗುತ್ತಿದ್ದ ಮೇಲ್, ಹೊಸ ಫೈಬರ್ ಬಂದ ದಿನದಿಂದ ಅದೇ ಸರ್ವರ್‌ನ ಕಣ್ಣಿಗೆ ಪರಕೀಯರ ಮೇಲ್ ಆಗುತ್ತದೆ. ಆಗ ಬರುವ ಉತ್ತರ 550 5.7.1, ಜೊತೆಗೆ ‘ರಿಲೇಯಿಂಗ್ ಡಿನೈಡ್’ ಎಂಬ ಮಾತು. ಈ ಸಂದೇಶ ಬಂದಿದೆ ಎಂದರೆ ದಾರಿ ತೆರೆದಿದೆ, ಗುರುತು ಮಾತ್ರ ಹೇಳಬೇಕಾಗಿದೆ ಎಂದು ತಿಳಿಯಬೇಕು. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ‘ಕಳುಹಿಸುವ ಸರ್ವರ್‌ಗೂ ದೃಢೀಕರಣ ಬೇಕು’ ಎಂಬ ಚೌಕಕ್ಕೆ ಗುರುತು ಹಾಕಿ, ಯೂಸರ್ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ಬಹಳಷ್ಟು ಮಂದಿಗೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಯಾವ ಸಂಖ್ಯೆಯೂ ಬಾರದೆ, ಬಹಳ ಹೊತ್ತು ಸುತ್ತಿ ‘ಸರ್ವರ್ ಪ್ರತಿಕ್ರಿಯಿಸುತ್ತಿಲ್ಲ’ ಎಂದು ನಿಂತರೆ ಕಾರಣ ಬೇರೆ. ಹಳೆಯ ಸೆಟ್ಟಿಂಗ್ಸ್‌ನಲ್ಲಿ ಕಳುಹಿಸುವ ಪೋರ್ಟ್ 25 ಎಂದಿರುತ್ತದೆ. ವೈರಸ್ ತಗುಲಿದ ಕಂಪ್ಯೂಟರುಗಳು ಇದೇ ಪೋರ್ಟಿನ ಮೂಲಕ ಕಸದ ಮೇಲ್‌ಗಳನ್ನು ಸುರಿಯುವುದರಿಂದ, ಮನೆಯ ಗ್ರಾಹಕರಿಗೆ 25ನ್ನು ಮುಚ್ಚಿಡುವುದು ಬ್ರಾಡ್‌ಬ್ಯಾಂಡ್ ಕಂಪನಿಗಳಲ್ಲಿ ಲೋಕಾರೂಢಿ. ಇದು ತಪ್ಪಲ್ಲ, ತೆರೆದುಕೊಡಿ ಎಂದು ಜಗಳವಾಡುವುದೂ ಬೇಡ. ಗ್ರಾಹಕರು ಮೇಲ್ ಒಪ್ಪಿಸುವುದಕ್ಕೆಂದೇ 587 ಎಂಬ ಪೋರ್ಟನ್ನು 1998ರಲ್ಲಿಯೇ ಗೊತ್ತುಪಡಿಸಲಾಗಿದೆ. ಮೊದಲಿನಿಂದಲೇ ಗೂಢಲಿಪಿಯಲ್ಲಿ ನಡೆಯುವ 465ನ್ನು 2018ರ ಶಿಫಾರಸು ಮತ್ತೆ ಎತ್ತಿಹಿಡಿದಿದೆ. ಇವೆರಡರಲ್ಲಿ ಒಂದನ್ನು ಹಾಕಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಗೂಢಲಿಪಿಯ ಬಗೆಯಾಗಿ 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಎಂಬುದನ್ನೂ 465ಕ್ಕೆ ಎಸ್‌ಎಸ್‌ಎಲ್/ಟಿಎಲ್‌ಎಸ್ ಎಂಬುದನ್ನೂ ಆರಿಸಬೇಕು. ಇವನ್ನು ಅದಲುಬದಲು ಮಾಡಿದರೆ ಪೋರ್ಟ್ ತೆರೆದೇ ಇದ್ದರೂ ಮುಚ್ಚಿದಂತೆಯೇ ಕಾಣುತ್ತದೆ, ಏಕೆಂದರೆ ಒಂದು ಕಡೆಯವರು ಗೂಢಲಿಪಿಯಲ್ಲಿ ಮಾತು ತೆಗೆಯಲಿ ಎಂದು ಇನ್ನೊಂದು ಕಡೆಯವರು ಕಾಯುತ್ತಾ ಇರುತ್ತಾರೆ. ಪೋರ್ಟ್ ನಿಜಕ್ಕೂ ತೆರೆದಿದೆಯೇ ಎಂದು ತಿಳಿಯಲು ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಆಜ್ಞೆಯ ಮುಂದೆ ಸರ್ವರ್ ಹೆಸರನ್ನೂ ಪೋರ್ಟ್ ಸಂಖ್ಯೆಯನ್ನೂ ಕೊಡಬೇಕು. ಕೊನೆಯ ಸಾಲಿನಲ್ಲಿ ‘ಟ್ರೂ’ ಬಂದರೆ ದಾರಿ ತೆರೆದಿದೆ, ‘ಫಾಲ್ಸ್’ ಬಂದರೆ ಮುಚ್ಚಿದೆ. 25ಕ್ಕೆ ಫಾಲ್ಸ್, 587ಕ್ಕೆ ಟ್ರೂ ಬಂದರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ.

535 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. ವೆಬ್‌ಮೇಲ್‌ನಲ್ಲಿ ಅದೇ ಪಾಸ್‌ವರ್ಡ್ ನಡೆಯುತ್ತಿದ್ದರೆ ಯೂಸರ್ ಹೆಸರಿನ ರೂಪವನ್ನು ನೋಡಿ: ಹಿಂದೆ ಆ್ಯಟ್ ಚಿಹ್ನೆಯ ಎಡಗಡೆಯ ಭಾಗವಷ್ಟೇ ಸಾಕಾಗುತ್ತಿದ್ದ ಕಡೆ ಈಗ ಪೂರ್ಣ ವಿಳಾಸವನ್ನು ಕೊಡಬೇಕಾಗಿ ಬರುವುದು ಸಾಮಾನ್ಯ. 530 ಎಂದರೆ ಮೊದಲು ಗೂಢಲಿಪಿಗೆ ಬದಲಾಗಬೇಕು ಅಥವಾ ಮೊದಲು ಗುರುತು ಹೇಳಬೇಕು ಎಂಬ ಸೂಚನೆ. ಜೊತೆಗಿರುವ ಮಾತನ್ನು ಓದಿದರೆ ಯಾವುದೆಂದು ತಿಳಿಯುತ್ತದೆ. ಸಂದೇಶದಲ್ಲಿ ಸ್ಪ್ಯಾಮ್‌ಹೌಸ್‌ನಂತಹ ಹೆಸರು ಕಂಡುಬಂದರೆ, ನಿಮ್ಮ ಮನೆಗೆ ಸಿಕ್ಕ ಐಪಿ ಸಂಖ್ಯೆ ತಡೆಪಟ್ಟಿಯಲ್ಲಿದೆ ಎಂದರ್ಥ. ಮನೆ ಸಂಪರ್ಕಗಳ ಸಂಖ್ಯೆಗಳನ್ನು ಗುಂಪುಗುಂಪಾಗಿ ಅಂಥ ಪಟ್ಟಿಗೆ ಸೇರಿಸುವ ಪದ್ಧತಿಯೇ ಇರುವುದರಿಂದ ಅದು ನಿಮ್ಮ ಮೇಲಿನ ಆರೋಪವಲ್ಲ. ಗುರುತು ಹೇಳಿ 587ರ ಮೂಲಕ ಕಳುಹಿಸುವವರಿಗೆ ಈ ತಡೆ ಸಾಮಾನ್ಯವಾಗಿ ಅಡ್ಡಬರುವುದಿಲ್ಲ.

ಎಲ್ಲ ಸರಿಯಿದ್ದೂ ಸುರಕ್ಷಿತ ಸಂಪರ್ಕ ಏರ್ಪಡುತ್ತಿಲ್ಲ ಎಂದು ಬಂದರೆ ಪ್ರೋಗ್ರಾಮಿನ ವಯಸ್ಸನ್ನು ನೋಡಬೇಕು. ಗೂಢಲಿಪಿಯ ಕ್ರಮವಾದ ಟಿಎಲ್‌ಎಸ್‌ನ 1.0 ಮತ್ತು 1.1 ಆವೃತ್ತಿಗಳನ್ನು 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಕೈಬಿಡಲಾಯಿತು. ವಿಂಡೋಸ್ ಎಕ್ಸ್‌ಪಿಯ ಔಟ್‌ಲುಕ್ ಎಕ್ಸ್‌ಪ್ರೆಸ್ 1.0ರಿಂದ ಮುಂದಕ್ಕೆ ಹೋಗಲಾರದು. ಎಕ್ಸ್‌ಪಿಗೆ ಕಂಪನಿಯ ಬೆಂಬಲವೂ 2014ರ ಏಪ್ರಿಲ್ 8ಕ್ಕೆ ಮುಗಿದಿದೆ. ಇದಕ್ಕೆ ವ್ಯತಿರಿಕ್ತವಾದ ಪರಿಸ್ಥಿತಿಯೂ ಇದೆ: ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಮಿನ 2020ರ 78ನೆಯ ಆವೃತ್ತಿಯಿಂದೀಚೆಗೆ ಪ್ರೋಗ್ರಾಮೇ ಹಳೆಯ ಟಿಎಲ್‌ಎಸ್‌ಗಳನ್ನು ನಿರಾಕರಿಸುತ್ತದೆ, ಹೀಗಾಗಿ ಹಳೆಯ ಕಂಪನಿಯ ಸರ್ವರ್ ನವೀಕರಣಗೊಳ್ಳದೆ ಉಳಿದಿದ್ದರೆ ಹೊಸ ಕಂಪ್ಯೂಟರಿನಿಂದ ಮೇಲ್ ಹೋಗುವುದಿಲ್ಲ. ಆಗ ಭದ್ರತೆಯನ್ನು ಸಡಿಲಿಸುವುದಕ್ಕಿಂತ ವೆಬ್‌ಮೇಲ್ ಬಳಸುತ್ತಾ ವಿಳಾಸ ಬದಲಾವಣೆಗೆ ಸಿದ್ಧರಾಗುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸಣ್ಣ ಪತ್ರ ಹೋಗುತ್ತದೆ, ಲಗತ್ತು ಹೋಗುವುದಿಲ್ಲ

ನೀರ್ಚಾಲಿನ ಕಡೆಯ ಒಂದು ಮನೆಯಲ್ಲಿ ಕಂಡ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ತಾಳಮದ್ದಳೆ ಕೂಟದ ಆಮಂತ್ರಣ ಕಳುಹಿಸುವ ಕೆಲಸ ಆ ಮನೆಯ ಹಿರಿಯರದು. ನಾಲ್ಕು ಸಾಲಿನ ಪತ್ರ ಗುಂಡಿ ಒತ್ತಿದ ಕೂಡಲೇ ಹೋಗುತ್ತಿತ್ತು. ಆಮಂತ್ರಣದ ಚಿತ್ರ ಸೇರಿಸಿದರೆ ಹಸಿರು ಪಟ್ಟಿ ಸ್ವಲ್ಪ ಮುಂದೆ ಸರಿದು ನಿಂತುಬಿಡುತ್ತಿತ್ತು, ಕಾದು ಕಾದು ಸಂಪರ್ಕ ಕಡಿಯಿತೆಂಬ ಸಂದೇಶ ಬರುತ್ತಿತ್ತು. ಪಾಸ್‌ವರ್ಡ್, ಪೋರ್ಟ್, ದೃಢೀಕರಣ ಎಲ್ಲವೂ ಸರಿಯಾಗಿದ್ದವು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅದೇ ಚಿತ್ರ ಸಲೀಸಾಗಿ ಹೋಯಿತು. ಅಂದರೆ ದೋಷ ಫೈಬರಿನ ದಾರಿಯಲ್ಲಿ ಮತ್ತು ದೊಡ್ಡ ಪೊಟ್ಟಣಗಳಿಗೆ (ಜಾಲದಲ್ಲಿ ಮಾಹಿತಿ ಸಾಗುವ ತುಣುಕುಗಳಿಗೆ) ಮಾತ್ರ.

ಇಂಥ ಲಕ್ಷಣ ಕಂಡರೆ ಎಂಟಿಯು ಎಂಬ ಅಳತೆಯನ್ನು (ಒಂದು ಪೊಟ್ಟಣದ ಗರಿಷ್ಠ ಗಾತ್ರ) ಪರೀಕ್ಷಿಸಬೇಕು. ಸಾಮಾನ್ಯ ಜಾಲದಲ್ಲಿ ಒಂದು ಪೊಟ್ಟಣ 1500 ಬೈಟ್‌ಗಳವರೆಗೆ ಇರಬಹುದು. ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕವಾಗುವ ಪಿಪಿಪಿಒಇ ಪದ್ಧತಿಯಲ್ಲಿ 8 ಬೈಟ್‌ಗಳು ಅದರ ತಲೆಬರಹಕ್ಕೇ ಹೋಗುವುದರಿಂದ ಉಳಿಯುವುದು 1492. ಪೊಟ್ಟಣ ದೊಡ್ಡದಾಯಿತು, ಚಿಕ್ಕದು ಮಾಡಿ ಎಂಬ ಸೂಚನೆ ಕಂಪ್ಯೂಟರಿಗೆ ತಲುಪದಂತೆ ನಡುವೆ ಯಾವುದಾದರೂ ಫೈರ್‌ವಾಲ್ ತಡೆದರೆ, ದೊಡ್ಡ ಪೊಟ್ಟಣಗಳು ಸದ್ದಿಲ್ಲದೆ ಮಾಯವಾಗುತ್ತವೆ, ಸಣ್ಣವು ಪಾರಾಗುತ್ತವೆ. ಪರೀಕ್ಷೆಯ ಪೊಟ್ಟಣ ಕಳುಹಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಪಿಂಗ್ ಆಜ್ಞೆಗೆ ‘ಪೊಟ್ಟಣವನ್ನು ಒಡೆಯಬೇಡ’ ಎಂಬ ಸೂಚನೆ ಸೇರಿಸಿ, ಗಾತ್ರವನ್ನು ಮೊದಲು 1472 ಎಂದೂ ಅನಂತರ 1464 ಎಂದೂ ಕೊಟ್ಟು ನೋಡಬೇಕು. ಪಿಂಗ್‌ನ ತಲೆಬರಹಗಳು 28 ಬೈಟ್‌ಗಳಾದ್ದರಿಂದ ಇವು ಕ್ರಮವಾಗಿ 1500 ಮತ್ತು 1492ಕ್ಕೆ ಸಮ. ಮೊದಲನೆಯದಕ್ಕೆ ಉತ್ತರವಿಲ್ಲದೆ ಎರಡನೆಯದಕ್ಕೆ ಉತ್ತರ ಬಂದರೆ, ರೂಟರಿನ ಪುಟದಲ್ಲಿ ಎಂಟಿಯು 1492 ಎಂದಿದೆಯೇ ನೋಡಿ, ಇಲ್ಲದಿದ್ದರೆ ಹಾಗೆ ಮಾಡಬೇಕು. ರೂಟರಿನ ಪಾಸ್‌ವರ್ಡ್ ಮನೆಯವರಲ್ಲಿ ಇಲ್ಲದಿದ್ದರೆ ಫೈಬರ್ ಹಾಕಿದವರಿಗೆ ಈ ಎರಡು ಪಿಂಗ್ ಫಲಿತಾಂಶಗಳನ್ನು ತೋರಿಸಿದರೆ ಸಾಕು, ಮಾಡಿಕೊಡುತ್ತಾರೆ. ನೀರ್ಚಾಲಿನ ಮನೆಯಲ್ಲಿ ಆಮಂತ್ರಣ ಹೊರಟದ್ದು ಹೀಗೆ.

ನಿಲ್ಲದೆ ಕೂಡಲೇ 552 ಎಂಬ ಸಂಖ್ಯೆ ಬಂದರೆ ಅದು ಗಾತ್ರದ ಮಿತಿ ಮೀರಿದ್ದಕ್ಕೆ ಅಥವಾ ಸ್ವೀಕರಿಸುವವರ ಬಾಕ್ಸ್ ತುಂಬಿದ್ದಕ್ಕೆ. ಲಗತ್ತು ಮೇಲ್‌ನಲ್ಲಿ ಹೋಗುವಾಗ ಮೂರನೆಯ ಒಂದು ಭಾಗದಷ್ಟು ಉಬ್ಬುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. 25 ಎಂಬಿ ಮಿತಿ ಇರುವ ಕಡೆ 18 ಎಂಬಿಗಿಂತ ದೊಡ್ಡ ಫೈಲನ್ನು ಕಳುಹಿಸಲು ಹೋಗಬಾರದು.

ಹೋಯಿತು ಎನ್ನುತ್ತದೆ, ತಲುಪುವುದಿಲ್ಲ

ಹಳೆಯ ಸರ್ವರ್ ಕಿರಿಕಿರಿ ಮಾಡುತ್ತದೆಂದು ಕೆಲವರು ಬೇರೊಂದು ಸೇವೆಯ ಎಸ್‌ಎಂಟಿಪಿ ಸರ್ವರನ್ನು ಬಳಸಿ, ಕಳುಹಿಸಿದವರ ಜಾಗದಲ್ಲಿ ಮಾತ್ರ ಹಳೆಯ ವಿಳಾಸವನ್ನು ಹಾಕುತ್ತಾರೆ. ಹಿಂದೆ ಇದು ನಡೆಯುತ್ತಿತ್ತು. ಈಗ ಪ್ರತಿ ಡೊಮೇನೂ ತನ್ನ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳುಹಿಸಬಹುದು ಎಂಬ ಪಟ್ಟಿಯನ್ನು ಎಸ್‌ಪಿಎಫ್ ಎಂಬ ದಾಖಲೆಯಾಗಿ ಪ್ರಕಟಿಸುವ ಪದ್ಧತಿ ಇದೆ. ಪಟ್ಟಿಯಲ್ಲಿಲ್ಲದ ಕಡೆಯಿಂದ ಬಂದದ್ದು ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು ಅಥವಾ ತಿರಸ್ಕೃತವಾಗಬಹುದು. 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲ ಕಳುಹಿಸುವವರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್ ಎಂಬ ಸಹಿಯನ್ನು ಅಪೇಕ್ಷಿಸುತ್ತಿದೆ. ಹಾಗಾಗಿ ಹಳೆಯ ವಿಳಾಸದಿಂದ ಬರೆಯುವುದಿದ್ದರೆ ಹಳೆಯ ಕಂಪನಿಯ ಸರ್ವರ್ ಮೂಲಕವೇ ಬರೆಯಬೇಕು. ಕುಂಬಳೆ ಉಪಜಿಲ್ಲಾ ಶಿಕ್ಷಣ ಕಚೇರಿಗೆ ಕಳುಹಿಸಿದ ವರದಿ ತಲುಪಲಿಲ್ಲವೆಂದು ಶಾಲೆಯವರು ತಿಳಿಯುವುದು ಕಡೆಯ ದಿನಾಂಕ ಕಳೆದ ಮೇಲೆ. ಹೊಸ ಏರ್ಪಾಡಿನ ಮೊದಲ ಕೆಲವು ಪತ್ರಗಳಿಗೆ ಫೋನು ಮಾಡಿ ಖಚಿತಪಡಿಸಿಕೊಳ್ಳುವುದೇ ಲೇಸು.

ಮೇಲ್‌ಬಾಕ್ಸ್ ಉಳಿಯದು ಎಂದು ಗೊತ್ತಾದರೆ

ಮೊದಲು ಪತ್ರಗಳನ್ನು ಉಳಿಸಿ. ಐಮ್ಯಾಪ್ ಖಾತೆಯಲ್ಲಿ ಕಾಣುವ ಪತ್ರಗಳು ಸರ್ವರ್‌ನಲ್ಲಿರುವಂಥವು. ಪ್ರೋಗ್ರಾಮಿನಿಂದ ಖಾತೆಯನ್ನು ತೆಗೆದರೆ ಅವು ಕಂಪ್ಯೂಟರಿನಿಂದ ಮರೆಯಾಗುತ್ತವೆ, ಸರ್ವರ್ ಮುಚ್ಚಿದರೆ ಪೂರ್ತಿಯಾಗಿ ಹೋಗುತ್ತವೆ. ಥಂಡರ್‌ಬರ್ಡ್‌ನಲ್ಲಿ ‘ಲೋಕಲ್ ಫೋಲ್ಡರ್ಸ್’ ಎಂಬಲ್ಲಿಗೆ ಅವುಗಳನ್ನು ನಕಲಿಸಿ, ಇಡೀ ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಡಬೇಕು. ಪಾಪ್ ಖಾತೆಯ ಪತ್ರಗಳು ಕಂಪ್ಯೂಟರಿನಲ್ಲಿಯೇ ಇರುತ್ತವೆ, ಆದರೆ ‘ಪ್ರತಿಯನ್ನು ಸರ್ವರ್‌ನಲ್ಲಿ ಉಳಿಸು’ ಎಂಬ ಆಯ್ಕೆ ಇಲ್ಲದೆ ಎರಡು ಕಂಪ್ಯೂಟರುಗಳಲ್ಲಿ ತೆರೆದಿದ್ದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಹಂಚಿಹೋಗಿರುತ್ತವೆ, ಎರಡರಿಂದಲೂ ತೆಗೆಯಬೇಕು. ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಪ್ರತಿ ಫೋಲ್ಡರಿಗೂ ಒಂದೊಂದು ಡಿಬಿಎಕ್ಸ್ ಫೈಲು ಇರುತ್ತದೆ, ಔಟ್‌ಲುಕ್‌ನಲ್ಲಿ ಪಾಪ್ ಪತ್ರಗಳು ಪಿಎಸ್‌ಟಿ ಫೈಲಿನಲ್ಲಿರುತ್ತವೆ.

‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದ ಹಳೆಯ ಕನ್ನಡ ಪತ್ರಗಳು ಹೊಸ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ಕಾಣಿಸುತ್ತವೆ. ಅವು ಕೆಟ್ಟಿಲ್ಲ, ದಯವಿಟ್ಟು ಅಳಿಸಬೇಡಿ. ಆ ಕಾಲದ ಫಾಂಟನ್ನು ಹಾಕಿದರೆ ಓದಬಹುದು, ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸಿಯೂ ಇಡಬಹುದು. ಗಲ್ಫಿನಲ್ಲಿದ್ದ ಮಕ್ಕಳು ಊರಿಗೆ ಬರೆದ ಪತ್ರಗಳು ಎಷ್ಟೋ ಮನೆಗಳಲ್ಲಿ ಈ ರೂಪದಲ್ಲಿವೆ.

ಹೊಸ ವಿಳಾಸವನ್ನು ಸಂಪರ್ಕ ಕೊಡುವ ಕಂಪನಿಯಿಂದ ಮತ್ತೆ ಪಡೆಯಬಾರದು. ಮುಂದಿನ ಬದಲಾವಣೆಗೆ ಇದೇ ಪಾಡು. ಜಿಮೇಲ್ ಹಳೆಯ ಬಾಕ್ಸಿನಿಂದ ಪಾಪ್ ಮೂಲಕ ಮೇಲ್‌ಗಳನ್ನು ಎಳೆದುಕೊಳ್ಳುತ್ತಿದ್ದ ಸೌಲಭ್ಯವನ್ನು ಹಿಂತೆಗೆದುಕೊಳ್ಳುವುದಾಗಿ ಗೂಗಲ್ ಪ್ರಕಟಿಸಿರುವುದರಿಂದ ಅದನ್ನು ನೆಚ್ಚದೆ, ಹಳೆಯ ಕಂಪನಿಯ ವೆಬ್‌ಮೇಲ್‌ನಲ್ಲಿ ಫಾರ್ವರ್ಡ್ ಮಾಡುವ ಆಯ್ಕೆ ಇದ್ದರೆ ಅದನ್ನು ಹಾಕಿಡಬೇಕು. ಉಚಿತ ಖಾತೆಯನ್ನೂ ಆಗಾಗ ತೆರೆಯುತ್ತಿರಬೇಕು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮ ಗೂಗಲ್‌ನಲ್ಲಿದೆ.

ಆಮೇಲೆ ಬ್ಯಾಂಕು, ವಿಮೆ, ಭವಿಷ್ಯ ನಿಧಿ, ಆದಾಯ ತೆರಿಗೆ, ಆಧಾರ್, ವಿದ್ಯುತ್ ಬಿಲ್ಲು, ಇವುಗಳಲ್ಲಿ ದಾಖಲಾದ ವಿಳಾಸವನ್ನು ಹಳೆಯ ಬಾಕ್ಸ್ ಇನ್ನೂ ತೆರೆಯುತ್ತಿರುವಾಗಲೇ ಬದಲಿಸಬೇಕು, ಏಕೆಂದರೆ ಬದಲಾವಣೆಯ ದೃಢೀಕರಣ ಸಂಖ್ಯೆಯನ್ನು ಹಲವು ಕಡೆ ಹಳೆಯ ವಿಳಾಸಕ್ಕೇ ಕಳುಹಿಸುತ್ತಾರೆ. ಕೇರಳದ ಇ-ಸೇವಾ ಕೇಂದ್ರವಾದ ಅಕ್ಷಯ ಕೇಂದ್ರದಲ್ಲಿ ಮಾಡಿಸುವವರು ಆ ದಿನ ಹಳೆಯ ವೆಬ್‌ಮೇಲ್‌ನ ಪಾಸ್‌ವರ್ಡನ್ನು ತಿಳಿದುಕೊಂಡು ಹೋಗಬೇಕು, ಆದರೆ ಅದನ್ನು ತಾವೇ ಟೈಪ್ ಮಾಡಬೇಕು. ಬೇರೆ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸಲು ಹಳೆಯ ವಿಳಾಸವನ್ನು ಕೊಟ್ಟಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ತೆಗೆಯಬೇಕು. ಒಂದು ಡೊಮೇನ್ ನವೀಕರಣಗೊಳ್ಳದೆ ಬಿಟ್ಟುಹೋದರೆ ಬೇರೆಯವರು ಅದನ್ನು ಕೊಂಡು, ಆ ವಿಳಾಸಗಳಿಗೆ ಬರುವ ಮೇಲ್‌ಗಳನ್ನು ತಾವು ಪಡೆಯಲು ಸಾಧ್ಯವಿದೆ.

ಹಳೆಯ ಬಾಕ್ಸ್ ಮುಚ್ಚಿತೆಂದು ಹೇಳಿದ ದಿನಾಂಕ ಕಳೆದ ಮೇಲೆ, ಹೊಸ ವಿಳಾಸದಿಂದ ಅದಕ್ಕೊಂದು ಪತ್ರ ಕಳುಹಿಸಿ. 550 5.1.1 ಎಂಬ ಸಂಖ್ಯೆಯೊಡನೆ ಅದು ಹಿಂತಿರುಗಿದರೆ, ಹಳೆಯ ವಿಳಾಸಕ್ಕೆ ಬರೆಯುವವರೆಲ್ಲರಿಗೂ ಪತ್ರ ತಲುಪಲಿಲ್ಲವೆಂಬ ಸುದ್ದಿ ತಾನಾಗಿ ಹೋಗುತ್ತಿದೆ. ಹಿಂತಿರುಗದಿದ್ದರೆ ಯಾರೂ ತೆರೆಯಲಾಗದ ಬಾಕ್ಸಿನಲ್ಲಿ ಪತ್ರಗಳು ಇನ್ನೂ ಬೀಳುತ್ತಿವೆ. ಅಂಥ ಸಂದರ್ಭದಲ್ಲಿ ಬಾಕ್ಸನ್ನು ಪೂರ್ತಿಯಾಗಿ ಮುಚ್ಚುವಂತೆ ಹಳೆಯ ಕಂಪನಿಗೆ ಲಿಖಿತವಾಗಿ ಕೇಳಿಕೊಳ್ಳಬೇಕು ಮತ್ತು ವಿಳಾಸ ಪುಸ್ತಕದಲ್ಲಿರುವ ಎಲ್ಲರಿಗೂ ಹೊಸ ವಿಳಾಸವನ್ನು ತಿಳಿಸಬೇಕು.